ಮಂಕಾದದ್ದು ಯಾವುದು, ಉಳಿದದ್ದು ಯಾವುದು: ದೊಡ್ಡ ಮೆಗಲಾನಿಕ್ ಮೋಡದ ಒಂದು ಇಂಗಾಲ ತಾರೆಯ ಪ್ರಕರಣ

ಇಲ್ಲಿ ನಕ್ಷತ್ರದ ಪಟ್ಟಿ ಸಂಖ್ಯೆ, ತಂಡದವರ ಹೆಸರು, ದೂರದರ್ಶಕದ ಒಡೆತನ ಮೂರನ್ನೂ ಬಿಟ್ಟಿದೆ. ಗಮನಕ್ಕೆ ತೆಗೆದುಕೊಂಡ ನಕ್ಷತ್ರವನ್ನು ‘ಕ’ ಎಂದೂ, ಅದಕ್ಕೆ ಅಂಟಿಕೊಂಡಂತೆ ಕಾಣುವ ಇನ್ನೊಂದನ್ನು ‘ಪ’ ಎಂದೂ ಕರೆದರೆ ಸಾಕು. ಕಾಂತಿಮಾನದ ಅಂಕಿಗಳನ್ನು ಮಾತ್ರ ಬಿಡಿಸಿ ಕೊಟ್ಟಿದೆ; ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಪ್ರಕರಣದ ಗಂಟು ಇರುವುದೇ ಅವುಗಳಲ್ಲಿ.

ಹಿನ್ನೆಲೆ

ಉತ್ತರ ಕಿರೀಟ ಪುಂಜದ ಆರ್ ಕೊರೋನೆ ಬೊರಿಯಾಲಿಸ್ ಸಾಮಾನ್ಯ ದಿನಗಳಲ್ಲಿ 6ನೇ ಕಾಂತಿಮಾನದ ಆಸುಪಾಸಿನಲ್ಲಿ, ಬರಿಗಣ್ಣಿಗೆ ಕಂಡೂ ಕಾಣದಂತೆ ಇರುತ್ತದೆ. ಯಾವ ಮುನ್ಸೂಚನೆಯೂ ಕೊಡದೆ ಕೆಲವೇ ವಾರಗಳಲ್ಲಿ 14ರವರೆಗೆ ಕುಸಿಯಬಲ್ಲದು. ಮೇಲೇಳಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಬೇಕು. 1795ರಲ್ಲಿ ಎಡ್ವರ್ಡ್ ಪಿಗಟ್ ಈ ಏರಿಳಿತವನ್ನು ಗುರುತಿಸಿದರು. ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. 1934ರಲ್ಲಿ ಲೊರೆಟಾ, 1939ರಲ್ಲಿ ಓಕೀಫ್ ಮುಂದಿಟ್ಟ ವಿವರಣೆಯೇ ಇಂದಿಗೂ ನಿಂತಿದೆ: ನಕ್ಷತ್ರ ಹೊರಗೆ ದೂಡಿದ ಅನಿಲ ತಣಿದಾಗ ಅದರಲ್ಲಿನ ಇಂಗಾಲ ಮಸಿಯ ಮೋಡವಾಗುತ್ತದೆ. ಆ ಮೋಡ ನಮಗೂ ನಕ್ಷತ್ರಕ್ಕೂ ನಡುವೆ ಬಂದರೆ, ಕಾಡಿಗೆ ಹಿಡಿದ ಲಾಟೀನಿನ ಗಾಜಿನ ಹಾಗೆ, ಒಳಗಿನ ಬೆಳಕು ಇದ್ದಂತೆಯೇ ಇದ್ದರೂ ಹೊರಗೆ ಕತ್ತಲು.

ಈ ಜಾತಿಯನ್ನು ಚುಟುಕಾಗಿ ಆರ್‌ಸಿಬಿ ಎನ್ನುತ್ತಾರೆ. ಇವುಗಳಲ್ಲಿ ಜಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹೊರಪದರವೆಲ್ಲ ಹೀಲಿಯಂ, ಜೊತೆಗೆ ಧಾರಾಳ ಇಂಗಾಲ. ಒಂದು ಹೀಲಿಯಂ ಶ್ವೇತಕುಬ್ಜವೂ (ಇಂಧನ ತೀರಿದ ನಕ್ಷತ್ರದ ಉಳಿದ ತಿರುಳು) ಒಂದು ಇಂಗಾಲ–ಆಮ್ಲಜನಕದ ಶ್ವೇತಕುಬ್ಜವೂ ಕೂಡಿಕೊಂಡು ಇವು ಹುಟ್ಟುತ್ತವೆ ಎಂಬುದು ಈಗ ಹೆಚ್ಚು ಬಲವಿರುವ ವಾದ. ಇವುಗಳ ಅವರಕ್ತ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕು) ಕಂಡ ಆಮ್ಲಜನಕ-18 ಎಂಬ ಭಾರದ ಐಸೊಟೋಪಿನ ವಿಪರೀತ ಪ್ರಮಾಣ ಅದಕ್ಕೆ ದೊಡ್ಡ ಆಸರೆ. ಕನ್ನಡ ನಾಡಿಗೂ ಈ ವಿಷಯಕ್ಕೂ ಒಂದು ನಂಟಿದೆ. ಜಲಜನಕ ಕೊರತೆಯ ನಕ್ಷತ್ರಗಳ ಬಗೆಗಿನ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 87ನೇ ವಿಚಾರಗೋಷ್ಠಿ 1985ರಲ್ಲಿ ಮೈಸೂರಿನಲ್ಲೇ ನಡೆದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಈ ಕ್ಷೇತ್ರದಲ್ಲಿ ದಶಕಗಳ ಕೆಲಸ ಮಾಡಿದವರು.

ನಮ್ಮದೇ ಗೆಲಾಕ್ಸಿಯಲ್ಲಿ ಆರ್‌ಸಿಬಿಗಳಿರುವಾಗ ಪಕ್ಕದ ಗೆಲಾಕ್ಸಿಗೆ ಏಕೆ ಹೋಗಬೇಕು? ದೂರದ ಲೆಕ್ಕಕ್ಕಾಗಿ. ದೊಡ್ಡ ಮೆಗಲಾನಿಕ್ ಮೋಡ ಎಂಬ ಆ ಪಕ್ಕದ ಗೆಲಾಕ್ಸಿ (ಮುಂದೆ ಬರೀ ‘ಮೋಡ’) ಸುಮಾರು 1,60,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ದೂರಾಂಕ 18.5 ಎಂಬುದು ಚೆನ್ನಾಗಿ ತಿಳಿದ ವಿಷಯ. ಕಂಡ ಕಾಂತಿಮಾನದಿಂದ ಅದನ್ನು ಕಳೆದರೆ ನಿಜ ಕಾಂತಿ ಕೈಗೆ ಬರುತ್ತದೆ. ನಕ್ಷತ್ರಗಳ ಸ್ಥಾನ, ದೂರ ಅಳೆದ ಗಯಾ ಉಪಗ್ರಹ ಬರುವ ಮುನ್ನ ನಮ್ಮ ಗೆಲಾಕ್ಸಿಯ ಯಾವ ಆರ್‌ಸಿಬಿಗೂ ನೇರವಾಗಿ ಅಳೆದ ದೂರ ಇರಲಿಲ್ಲ. ಡಬ್ಲ್ಯು ಮೆನ್ಸೆ, ಎಚ್‌ವಿ 5637, ಎಚ್‌ವಿ 12842 ಎಂಬ ಮೋಡದ ಹಳೆಯ ಮೂರು ಆರ್‌ಸಿಬಿಗಳೇ ಬಹುಕಾಲ ಅಳತೆಗೋಲಾಗಿದ್ದವು. ನಡುವೆ ಇನ್ನೆರಡು ಸಿಕ್ಕವು; ಮಾಚೊ ಸಮೀಕ್ಷೆ 2001ರಲ್ಲಿ ಇನ್ನೂ 8 ಸೇರಿಸಿ ಒಟ್ಟು 13 ಮಾಡಿತು. ಇವುಗಳ ನಿಜ ಕಾಂತಿ −2.5ರಿಂದ −5ರವರೆಗೆ ಹರಡಿದೆ, ತಣ್ಣಗಿರುವವು ಹೆಚ್ಚು ಮಂಕು ಎಂದೂ ಅದರಿಂದ ಗೊತ್ತಾಯಿತು. ಓಗಲ್-3 ಎಂಬ ಇನ್ನೊಂದು ಆಕಾಶ ಸಮೀಕ್ಷೆಯ 2009ರ ಪಟ್ಟಿಯಲ್ಲಿ ಮೋಡದ 23 ಆರ್‌ಸಿಬಿಗಳಿವೆ.

ಮೋಡದಲ್ಲಿ ಸಾಮಾನ್ಯ ಇಂಗಾಲ ತಾರೆಗಳಿಗೆ (ಹೊರಪದರದಲ್ಲಿ ಆಮ್ಲಜನಕಕ್ಕಿಂತ ಇಂಗಾಲ ಹೆಚ್ಚಿರುವ ತಣ್ಣಗಿನ ದೈತ್ಯಗಳು) ಬರವಿಲ್ಲ. 2001ರ ಒಂದೇ ಪಟ್ಟಿಯಲ್ಲಿ 7,760 ಇವೆ. ಅವುಗಳ ನಡುವೆ ಆರ್‌ಸಿಬಿಯನ್ನು ಹೆಕ್ಕುವುದೇ ಈ ತಂಡದ ಕೆಲಸ.

ತಂಡ ಹೂಡಿದ್ದ ವ್ಯವಸ್ಥೆ

ಬೆಂಗಳೂರಿನಿಂದಾಗಲಿ ವೀಕ್ಷಣಾಲಯವಿರುವ ಕಾವಲೂರಿನಿಂದಾಗಲಿ ಈ ಮೋಡ ದಿಗಂತದಿಂದ 8 ಡಿಗ್ರಿಗಿಂತ ಹೆಚ್ಚೇನೂ ಮೇಲೇಳುವುದಿಲ್ಲ. ಅಷ್ಟು ತಗ್ಗಿನಲ್ಲಿ ತಲೆಯ ಮೇಲಿರುವುದಕ್ಕಿಂತ ಸುಮಾರು 7 ಪಟ್ಟು ಗಾಳಿ ಅಡ್ಡ ಬರುತ್ತದೆ. ಅಳತೆಯ ಮಾತೇ ಇಲ್ಲ. ಹಾಗಾಗಿ ತಂಡ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, 31 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ, ಇಂಟರ್‌ನೆಟ್ ಮೂಲಕ ನಡೆಸುವ ಬಾಡಿಗೆ ದೂರದರ್ಶಕವನ್ನು ಆರಿಸಿಕೊಂಡಿತು. ಅಲ್ಲಿ ಮೋಡ ಎಂದೂ ಮುಳುಗುವುದಿಲ್ಲ. ಡಿಸೆಂಬರ್ ನಡುರಾತ್ರಿ 52 ಡಿಗ್ರಿ ಎತ್ತರದಲ್ಲಿರುತ್ತದೆ. ಜೂನ್‌ನಲ್ಲಾದರೆ ಮುಸ್ಸಂಜೆಗೆ 27 ಡಿಗ್ರಿ, ನಡುರಾತ್ರಿಗೆ ಬರೀ 10 ಡಿಗ್ರಿ. ವರ್ಷವಿಡೀ ನೋಡಬಹುದು ಎಂಬ ಮಾತನ್ನು ಇಷ್ಟು ಷರತ್ತಿನೊಡನೆ ಕೇಳಬೇಕು.

ದರ್ಪಣದ ವ್ಯಾಸ 0.5 ಮೀಟರ್, ನಾಭಿದೂರ 3,450 ಮಿಲಿಮೀಟರ್, ಕ್ಯಾಮೆರಾದ ಪಿಕ್ಸೆಲ್ 9 ಮೈಕ್ರಾನ್. ಅಂದರೆ ಪಿಕ್ಸೆಲ್‌ಗೆ 0.54 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಪಾಲು). ಸಾಮಾನ್ಯ ರಾತ್ರಿಯ ಸೀಯಿಂಗ್ (ಗಾಳಿಯ ಕದಡಿನಿಂದ ಚುಕ್ಕೆ ಹರಡುವ ಅಳತೆ) 2 ಆರ್ಕ್‌ಸೆಕೆಂಡ್. ವಾರಕ್ಕೊಮ್ಮೆ ವಿ (ಹಸಿರು–ಹಳದಿ) ಫಿಲ್ಟರಿನಲ್ಲಿ 120 ಸೆಕೆಂಡಿನ 3 ಚಿತ್ರ, ಐ (ಅವರಕ್ತದಂಚಿನ) ಫಿಲ್ಟರಿನಲ್ಲಿ 60 ಸೆಕೆಂಡಿನ 3 ಚಿತ್ರ. ಆರ್‌ಸಿಬಿಗಳು ಮಂಕಾಗದಿದ್ದಾಗಲೂ 40ರಿಂದ 100 ದಿನಗಳ ಲಯದಲ್ಲಿ ಅಷ್ಟಿಷ್ಟು ಮಿಡಿಯುತ್ತವೆ. ಆ ಮಿಡಿತದ ಕೆಳಗಿನ ಅಂಚಿಗಿಂತ 0.3 ಇಳಿದದ್ದು ಸತತ ಎರಡು ಸಲ ಕಂಡರೆ ದಿನಾ ಚಿತ್ರ ತೆಗೆಯುವುದು ಎಂದು ಮೊದಲೇ ತೀರ್ಮಾನಿಸಿದ್ದರು. ಈ ನಿಯಮ ಒಳ್ಳೆಯದು. ಕುಸಿತ ಕಂಡ ಮೇಲೆ ಚರ್ಚೆಗೆ ಕೂತರೆ ಅಷ್ಟರಲ್ಲಿ ಅರ್ಧ ಕುಸಿತ ಮುಗಿದಿರುತ್ತದೆ.

ಹೋಲಿಕೆ ನಕ್ಷತ್ರಗಳಿಗೆ ಇಡೀ ಆಕಾಶದ ಸಾಮಾನ್ಯ ಪಟ್ಟಿಯನ್ನು ಬಳಸದೆ ಓಗಲ್-3ರ ವಿ, ಐ ನಕ್ಷೆಗಳನ್ನು ಬಳಸಿದ್ದು ಇನ್ನೊಂದು ಸರಿಯಾದ ಹೆಜ್ಜೆ. ದೊಡ್ಡ ಪಿಕ್ಸೆಲ್ಲಿನ ಸಮೀಕ್ಷೆಗಳು ಮೋಡದ ಒತ್ತೊತ್ತಾದ ಭಾಗದಲ್ಲಿ ಎರಡು ಮೂರು ನಕ್ಷತ್ರಗಳನ್ನು ಒಂದೇ ಎಂದು ಬರೆದುಕೊಂಡಿರುತ್ತವೆ.

‘ಕ’ ಪಟ್ಟಿಗೆ ಬಂದದ್ದು ಅವರಕ್ತದ ಕಾರಣದಿಂದ. ಇಂಗಾಲ ತಾರೆಗಳ ಪಟ್ಟಿಯನ್ನು ಸ್ಪಿಟ್ಜರ್ ಅವರಕ್ತ ಬಾಹ್ಯಾಕಾಶ ದೂರದರ್ಶಕದ ಸೇಜ್ ಸಮೀಕ್ಷೆಯೊಡನೆ ತಾಳೆ ಹಾಕಿದಾಗ ಅದರ ಸುತ್ತ ಬೆಚ್ಚಗಿನ ಧೂಳಿನ ಕುರುಹು ಇತ್ತು, ಆದರೆ ಬಣ್ಣ ಮಾಮೂಲಿ ಇಂಗಾಲ ತಾರೆಯಷ್ಟು ಕೆಂಪಾಗಿರಲಿಲ್ಲ. ಗಯಾದಲ್ಲಿ ಅದರ ಸ್ವಂತ ಚಲನೆ (ಆಕಾಶದಲ್ಲಿ ಸರಿಯುವ ವೇಗ) ಮೋಡದ ಉಳಿದ ನಕ್ಷತ್ರಗಳೊಡನೆ, ಅಂದರೆ ಪೂರ್ವಕ್ಕೆ ವರ್ಷಕ್ಕೆ ಸುಮಾರು 1.9 ಮಿಲಿಆರ್ಕ್‌ಸೆಕೆಂಡ್, ಹೊಂದುತ್ತಿತ್ತು. ಮುಂದೆ ಅಡ್ಡ ಬಂದ ನಮ್ಮ ಗೆಲಾಕ್ಸಿಯ ನಕ್ಷತ್ರವಲ್ಲ ಎಂಬುದು ಅಲ್ಲಿಗೆ ಖಚಿತ. ಅದೇ ಗಯಾ ಪಟ್ಟಿಯಲ್ಲಿ, 1.6 ಆರ್ಕ್‌ಸೆಕೆಂಡ್ ಪೂರ್ವಕ್ಕೆ, 17.1 ಕಾಂತಿಮಾನದ ‘ಪ’ ಕೂಡ ಇತ್ತು. ಎರಡು ಕಾಂತಿಮಾನ ಮಂಕು, ಹೆಚ್ಚೇನೂ ತೊಂದರೆಯಾಗದು ಎಂದು ಷರಾ ಬರೆದು ಮುಂದೆ ಹೋದರು.

ಮೊದಲ ರೋಹಿತ

ನವೆಂಬರ್‌ನಲ್ಲಿ 2 ಮೀಟರ್ ದರ್ಜೆಯ ದೂರದರ್ಶಕವೊಂದರಲ್ಲಿ ‘ಕ’ದ ರೋಹಿತ ಸಿಕ್ಕಿತು. 2 ಆರ್ಕ್‌ಸೆಕೆಂಡ್ ಅಗಲದ ಸೀಳುಕಂಡಿ (ಉಪಕರಣದೊಳಗೆ ಬೆಳಕು ಬಿಡುವ ಸೀಳು), ಉಪಕರಣದ ರೂಢಿಯಂತೆ ಪೂರ್ವ–ಪಶ್ಚಿಮವಾಗಿ ಇಟ್ಟದ್ದು. ಇಂಗಾಲದ ಸ್ವಾನ್ ಪಟ್ಟೆಗಳು ಕಂಡವು. ಜೊತೆಗೆ ಜಲಜನಕದ ಎಚ್-ಬೀಟಾ, ಎಚ್-ಗಾಮಾ ರೇಖೆಗಳೂ ಕಂಡವು. ಜಲಜನಕ ಇದ್ದ ಮೇಲೆ ಆರ್‌ಸಿಬಿ ಹೇಗಾದೀತು? ‘ಕ’ವನ್ನು ಪಟ್ಟಿಯ ತಳಕ್ಕೆ ತಳ್ಳಿದರು.

ಪೂರ್ತಿ ಕೈಬಿಡದಿರಲು ಒಂದೇ ಕಾರಣ. ಬೆಚ್ಚಗಿನ ಧೂಳಿಗೆ ಯಾರ ಬಳಿಯೂ ಬೇರೆ ವಿವರಣೆ ಇರಲಿಲ್ಲ. ವಾರಕ್ಕೊಮ್ಮೆ ಎಂಬುದನ್ನು ಎರಡು ವಾರಕ್ಕೊಮ್ಮೆ ಮಾಡಿ ಚಿತ್ರ ತೆಗೆಯುವುದನ್ನು ಮುಂದುವರಿಸಿದರು. ರೋಹಿತ ‘ಇಲ್ಲ’ ಎಂದಾಗಲೂ ಹೊಂದದ ಸಾಕ್ಷ್ಯವೊಂದನ್ನು ಬದಿಗೆ ಸರಿಸದೆ ಉಳಿಸಿಕೊಂಡದ್ದೇ ಇಡೀ ಪ್ರಕರಣವನ್ನು ಕಾಯ್ದದ್ದು ಎನ್ನಬೇಕು.

ಕುಸಿತ, ಆಮೇಲೆ ನೆಲ

ಜನವರಿ ನಡುವಿನಲ್ಲಿ ‘ಕ’ ಇಳಿಯತೊಡಗಿತು. ಅಲ್ಲಿಯವರೆಗೆ ವಿ 14.94, ಐ 13.75, ಎರಡರ ನಡುವಿನ ಬಣ್ಣದ ವ್ಯತ್ಯಾಸ (ಹೆಚ್ಚಿದಷ್ಟೂ ಕೆಂಪು) 1.19 ಇತ್ತು. ಇಳಿಯುತ್ತ ಮೊದಲು ಬಣ್ಣ ಕೆಂಪಾಯಿತು; ವಿ 16.07 ತಲುಪಿದಾಗ ವ್ಯತ್ಯಾಸ 1.47. ಧೂಳು ನೀಲಿ ಬೆಳಕನ್ನು ಹೆಚ್ಚು ನುಂಗುವುದರಿಂದ ಇದು ನಿರೀಕ್ಷಿತವೇ. ಆದರೆ ಐದನೇ ವಾರದ ಹೊತ್ತಿಗೆ ವಿ 16.93ಕ್ಕೆ ಬಂದು ಅಲ್ಲೇ ನಿಂತಿತು, ಬಣ್ಣ ಹಿಂದಕ್ಕೆ ತಿರುಗಿ 1.09 ಆಯಿತು. ಕುಸಿತಕ್ಕೆ ಮುಂಚೆ ಇದ್ದುದಕ್ಕಿಂತಲೂ ನೀಲಿ! ಮಾರ್ಚ್, ಏಪ್ರಿಲ್ ಪೂರ್ತಿ ಅದೇ ಮಟ್ಟ, ಏರಿಳಿತ 0.03 ಕೂಡ ಇಲ್ಲ. ಚಿತ್ರಗಳನ್ನು 300 ಸೆಕೆಂಡಿನ 6ಕ್ಕೆ ಏರಿಸಿದ್ದರಿಂದ ಫೋಟಾನ್‌ಗಳಿಗೆ ಕೊರತೆ ಇರಲಿಲ್ಲ. ದೋಷದ ಗೆರೆಗಳು ಕಾಣದಷ್ಟು ಚಿಕ್ಕವಾಗಿದ್ದವು, ಮೋಸ ಹೋಗಲು ಬೇಕಾದದ್ದೂ ಅದೇ.

ತಂಡದಲ್ಲಿ ಎರಡು ಅಭಿಪ್ರಾಯ ಹುಟ್ಟಿದವು.

ಒಂದು ಪಕ್ಷದ ವಾದಕ್ಕೆ ಗಟ್ಟಿ ಆಧಾರವಿತ್ತು. ಆರ್‌ಸಿಬಿಗಳಲ್ಲಿ ‘ನೀಲಿ ಕುಸಿತ’ ನಿಜವಾಗಿಯೂ ಆಗುತ್ತದೆ. ಧೂಳಿನ ಮೋಡ ನಕ್ಷತ್ರದ ಮೇಲ್ಮೈಯನ್ನು ಮೊದಲು ಮುಚ್ಚಿ, ಸುತ್ತಲಿನ ಬಿಸಿ ಅನಿಲವನ್ನು ಇನ್ನೂ ಬಿಟ್ಟಿದ್ದರೆ, ಅಲ್ಲಿನ ಹೊರಸೂಸು ರೇಖೆಗಳ ಬೆಳಕೇ ಮುಂದಾಗಿ ಬಣ್ಣ ನೀಲಿಯತ್ತ ಸರಿಯುತ್ತದೆ. ಹಾಗಿದ್ದರೆ ಆ ರೇಖೆಗಳನ್ನು ಹಿಡಿಯಲು ತಕ್ಷಣ ದೊಡ್ಡ ದೂರದರ್ಶಕದ ತುರ್ತು ಸಮಯ ಕೇಳಬೇಕು.

ಇನ್ನೊಂದು ಪಕ್ಷ ನೆಲದಂತೆ ಸಪಾಟಾದ ಆ ಮಟ್ಟವನ್ನು ನಂಬಲಿಲ್ಲ. 16.93 ಎಂಬುದು ಗಯಾ ಪಟ್ಟಿಯ 17.1ಕ್ಕೆ ತೀರ ಹತ್ತಿರ. ಬೆಳಕು ಕೂಡಿಸಿ ಅಳೆಯಲು ಚಿತ್ರದ ಮೇಲೆ ಇಟ್ಟ ವೃತ್ತದ, ಅಂದರೆ ಅಪರ್ಚರ್‌ನ, ತ್ರಿಜ್ಯ 3 ಆರ್ಕ್‌ಸೆಕೆಂಡ್, 1.6 ಆರ್ಕ್‌ಸೆಕೆಂಡ್ ದೂರದ ‘ಪ’ ಪೂರ್ತಿ ಒಳಗೇ ಇದೆ. ಇದು ‘ಪ’ವೇ ಇರಬಹುದು.

ತುರ್ತು ಸಮಯದ ಅರ್ಜಿಯನ್ನು ಮೂರು ದಿನ ತಡೆದು, ಕೈಯಲ್ಲಿದ್ದ ಚಿತ್ರಗಳಿಂದಲೇ ಉತ್ತರ ಹುಡುಕೋಣ ಎಂದು ಒಪ್ಪಿಕೊಂಡರು.

ಕೇಂದ್ರಬಿಂದು ಸರಿದಾಗ

ಬೆರೆತ ಎರಡು ನಕ್ಷತ್ರಗಳ ಚುಕ್ಕೆಯ ಕೇಂದ್ರ, ಬೆಳಕು ಯಾವುದರಲ್ಲಿ ಹೆಚ್ಚೋ ಅದರತ್ತ ವಾಲಿರುತ್ತದೆ. ‘ಕ’ ಪ್ರಕಾಶವಾಗಿದ್ದಾಗ ವಿ ಫಿಲ್ಟರಿನಲ್ಲಿ ‘ಪ’ದ ಪಾಲು ಒಟ್ಟು ಬೆಳಕಿನ ಶೇ. 14. ‘ಕ’ ನಿಜಕ್ಕೂ 19ಕ್ಕೆ ಇಳಿದಿದ್ದರೆ ಆ ಪಾಲು ಶೇ. 85 ಆಗಬೇಕು, ಕೇಂದ್ರ ಪೂರ್ವಕ್ಕೆ 1.1 ಆರ್ಕ್‌ಸೆಕೆಂಡ್, ಎಂದರೆ 2 ಪಿಕ್ಸೆಲ್‌ಗಿಂತ ತುಸು ಹೆಚ್ಚು ಸರಿಯಬೇಕು. ಐ ಫಿಲ್ಟರಿನಲ್ಲಿ ‘ಪ’ ದುರ್ಬಲ, ಹಾಗಾಗಿ ಅಲ್ಲಿ ಸರಿತ 0.7 ಪಿಕ್ಸೆಲ್ ಮಾತ್ರ. ನೀಲಿ ಕುಸಿತದ ವಾದ ನಿಜವಾದರೆ ಎರಡರಲ್ಲೂ ಸರಿತವೇ ಇರಬಾರದು.

ಸುತ್ತಲಿನ ಒಂಟಿ ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆದಾಗ ವಿ ಚಿತ್ರಗಳಲ್ಲಿ 2.1, ಐ ಚಿತ್ರಗಳಲ್ಲಿ 0.7 ಪಿಕ್ಸೆಲ್ ಸರಿತ ಸಿಕ್ಕಿತು.

ಇಲ್ಲಿ ಎಚ್ಚರ ಬೇಕಾದ ಒಂದು ಜಾಗವಿದೆ. ಮೋಡ ತಗ್ಗಿನಲ್ಲಿರುವಾಗ ವಾತಾವರಣವೇ ನೀಲಿ ನಕ್ಷತ್ರವನ್ನೂ ಕೆಂಪು ನಕ್ಷತ್ರವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸಿ ಹುಸಿ ಸರಿತ ತೋರಿಸುತ್ತದೆ. ಅದನ್ನು ಬೇರ್ಪಡಿಸುವ ದಾರಿ ಸುಲಭ: ವಾತಾವರಣದ ಸರಿತ ನೆತ್ತಿಯ ದಿಕ್ಕಿನಲ್ಲಿರುತ್ತದೆ, ಆದ್ದರಿಂದ ರಾತ್ರಿ ಕಳೆದಂತೆ ಆಕಾಶದ ಮೇಲೆ ತಿರುಗುತ್ತದೆ. ನೆರೆಯ ನಕ್ಷತ್ರ ಇದ್ದಲ್ಲೇ ಇರುತ್ತದೆ. ಸಂಜೆಯ ಚಿತ್ರದಲ್ಲೂ ತಡರಾತ್ರಿಯ ಚಿತ್ರದಲ್ಲೂ ಸರಿತ ಪೂರ್ವಕ್ಕೇ ಇತ್ತು. ಆಧಾರ ನಕ್ಷತ್ರಗಳಲ್ಲಿ ಕೆಂಪು, ನೀಲಿ ಎರಡನ್ನೂ ಸೇರಿಸಿದ್ದರಿಂದ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ತುರ್ತು ಅರ್ಜಿ ಕಳಿಸಲಿಲ್ಲ. ಕಳಿಸಿದ್ದರೆ ದೊಡ್ಡ ದೂರದರ್ಶಕದಲ್ಲಿ ಅಚ್ಚುಕಟ್ಟಾದ ಒಂದು ಬಿ ವರ್ಗದ (ಬಿಸಿ, ನೀಲಿ) ನಕ್ಷತ್ರದ ರೋಹಿತ ಸಿಗುತ್ತಿತ್ತು, ಅಷ್ಟೇ.

ಮರುಲೆಕ್ಕ

ಅಪರ್ಚರ್ ಚಿಕ್ಕದು ಮಾಡುವುದು ಮೊದಲು ಹೊಳೆಯುವ ಉಪಾಯ. 2 ಆರ್ಕ್‌ಸೆಕೆಂಡ್ ಸೀಯಿಂಗ್‌ನಲ್ಲಿ 1.6 ಆರ್ಕ್‌ಸೆಕೆಂಡ್ ಅಂತರಕ್ಕೆ ಅದು ನಡೆಯದು. ಸೀಯಿಂಗ್ ಬದಲಾದಂತೆ ‘ಪ’ ಒಳಗೆ ಸೋರುವ ಪ್ರಮಾಣವೂ ಬದಲಾಗಿ ಇಲ್ಲದ ಏರಿಳಿತ ಹುಟ್ಟುತ್ತದೆ. ತಂಡ ಹಿಡಿದದ್ದು ಪಿಎಸ್‌ಎಫ್, ಅಂದರೆ ಚುಕ್ಕೆಯ ಆಕಾರದ, ಹೊಂದಿಕೆಯ ದಾರಿ. ಚಿತ್ರದಲ್ಲಿನ ಒಂಟಿ ನಕ್ಷತ್ರಗಳಿಂದ ಚುಕ್ಕೆಯ ಆಕಾರ ಕಟ್ಟಿ, ‘ಕ’ ಮತ್ತು ‘ಪ’ದ ಸ್ಥಾನಗಳನ್ನು ಗಯಾ ಪಟ್ಟಿಯಿಂದ ತಂದು ಬಿಗಿಮಾಡಿ, ಬೆಳಕಿನ ಪಾಲನ್ನು ಮಾತ್ರ ಲೆಕ್ಕಕ್ಕೆ ಬಿಟ್ಟರು. ಸ್ಥಾನಗಳನ್ನೂ ಬಿಟ್ಟ ಮೊದಲ ಯತ್ನದಲ್ಲಿ ಮಂಕಾದ ‘ಕ’ ಗದ್ದಲದ ಹಿಂದೆ ಅಲೆದಾಡಿ ಅರ್ಥವಿಲ್ಲದ ಮಾನ ಕೊಟ್ಟಿತ್ತು.

ಆಮೇಲೂ ‘ಪ’ದ ಹಿಡಿತ ತಪ್ಪಲಿಲ್ಲ. ‘ಕ’ 19ರಲ್ಲಿರುವಾಗ ಅದರ ಬೆಳಕು ‘ಪ’ದ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ‘ಪ’ದ ಮಾನ 0.03 ತಪ್ಪಿದರೆ ‘ಕ’ದ್ದು 0.16 ತಪ್ಪುತ್ತದೆ. ಅದಕ್ಕಾಗಿ ಅತ್ಯುತ್ತಮ ಸೀಯಿಂಗ್‌ನ ರಾತ್ರಿಗಳಿಂದ ‘ಪ’ದ ಮಾನವನ್ನು ಒಮ್ಮೆ ಗಟ್ಟಿಮಾಡಿ, ವಿ 17.1, ಐ 17.2, ಉಳಿದೆಲ್ಲ ರಾತ್ರಿಗಳಲ್ಲಿ ಅದನ್ನು ಸ್ಥಿರವಾಗಿಟ್ಟರು. ಗೊತ್ತಿರುವ ಕಾಂತಿಯ ಕೃತಕ ನಕ್ಷತ್ರಗಳನ್ನು ಇಂಥದೇ ಜೋಡಿಗಳಾಗಿ ಚಿತ್ರಕ್ಕೆ ಸೇರಿಸಿ, ಲೆಕ್ಕ ಅವುಗಳನ್ನು ಸರಿಯಾಗಿ ಮರಳಿ ಕೊಡುತ್ತದೆಯೇ ಎಂದೂ ನೋಡಿದರು.

ಹೊಸ ವಕ್ರರೇಖೆ ಬೇರೆಯೇ ಕಥೆ ಹೇಳಿತು. ಗರಿಷ್ಠದಲ್ಲಿ ವಿ 15.1, ಬಣ್ಣ 1.30. ಐದು ವಾರಗಳಲ್ಲಿ 19.0ಕ್ಕೆ ಕುಸಿತ, ತಳದಲ್ಲಿ ಬಣ್ಣ 2.8. ಎರಡು ಕಾಂತಿಮಾನದ ಇಳಿತ ಎಂದುಕೊಂಡದ್ದು ನಾಲ್ಕರ ಹತ್ತಿರ. ನೀಲಿ ತಿರುವು ಮಾಯ.

ಇನ್ನೂ ಮುಖ್ಯವಾದದ್ದು ಆಕಾರ. ಆರ್‌ಸಿಬಿ ಬೇಗ ಬಿದ್ದು ನಿಧಾನಕ್ಕೆ ಏಳುತ್ತದೆ. ಹೀಗೇ ಮಂಕಾಗುವ ಡಿವೈ ಪರ್ಸಿ ಬಗೆಯ ನಕ್ಷತ್ರಗಳು ಇನ್ನೂ ತಣ್ಣಗಿನವು. ನಿಧಾನಕ್ಕೆ ಇಳಿದು ಹೆಚ್ಚುಕಡಿಮೆ ಅದೇ ವೇಗದಲ್ಲಿ ಏರುತ್ತವೆ. ಅವು ಸಾಮಾನ್ಯ ಇಂಗಾಲ ತಾರೆಗಳ ಮುಂದುವರಿಕೆಯೇ ಹೊರತು ಪ್ರತ್ಯೇಕ ಗುಂಪಲ್ಲ ಎಂದು ಓಗಲ್ ತಂಡ ತೋರಿಸಿದೆ. ಹಳೆಯ ಅಳತೆಯಲ್ಲಿ ‘ಕ’ ಯಾವ ಆಳಕ್ಕೆ ಹೋದರೂ 17ರ ಬಳಿ ಕತ್ತರಿಸಿಹೋಗುತ್ತಿತ್ತು. 19ರಿಂದ 17ರವರೆಗಿನ ನಿಧಾನದ ಏರಿಕೆ ಪೂರ್ತಿ ‘ಪ’ದ ಬೆಳಕಿನಡಿ ಹೂತುಹೋಗಿ, ಮೇಲೆ ಉಳಿದ ಭಾಗ ಎರಡೂ ಬದಿ ಸಮ ಎನ್ನುವಂತೆ ಕಂಡಿತ್ತು. ಹಾಗೇ ಬಿಟ್ಟಿದ್ದರೆ ‘ಕ’ ಡಿವೈ ಪರ್ಸಿ ಪಟ್ಟಿ ಸೇರುತ್ತಿತ್ತು.

ಬಣ್ಣದ ಪರಿವರ್ತನೆಯಲ್ಲಿ ಚಿಕ್ಕದೊಂದು ತೊಡಕು ಉಳಿಯಿತು. ಸ್ವಾನ್ ಪಟ್ಟೆಗಳಲ್ಲಿ 5165 ಮತ್ತು 5636 ಆಂಗ್‌ಸ್ಟ್ರಾಮ್ ತರಂಗಾಂತರದವು ವಿ ಫಿಲ್ಟರಿನೊಳಗೇ ಬೀಳುವುದರಿಂದ ಸಾಮಾನ್ಯ ನಕ್ಷತ್ರಗಳಿಂದ ಪಡೆದ ಸೂತ್ರ ಇಂಗಾಲ ತಾರೆಗೆ ಕರಾರುವಾಕ್ಕಾಗಿ ಒಗ್ಗದು. ಆದ್ದರಿಂದ ಉಪಕರಣದ ಮೂಲ ಮಾನಗಳನ್ನೂ ಜೊತೆಗೆ ಉಳಿಸಿಕೊಂಡರು.

ರೋಹಿತಕ್ಕೆ ಮತ್ತೊಮ್ಮೆ

ನವೆಂಬರಿನ ರೋಹಿತವನ್ನು ಈಗ ಬೇರೆ ಕಣ್ಣಿನಿಂದ ನೋಡಬೇಕಾಯಿತು. ವಿ ಫಿಲ್ಟರಿನಲ್ಲಿ ಶೇ. 14 ಇರುವ ‘ಪ’, 4300 ಆಂಗ್‌ಸ್ಟ್ರಾಮ್‌ನ ಬಳಿ ಒಟ್ಟು ಬೆಳಕಿನ ಮೂರನೇ ಒಂದು ಭಾಗ. ಅದು ಬಿಸಿ ನೀಲಿ ನಕ್ಷತ್ರ, ‘ಕ’ ಅಲ್ಲಿ ದುರ್ಬಲ. ಸೀಳುಕಂಡಿ ಪೂರ್ವ–ಪಶ್ಚಿಮ, ‘ಪ’ ಇದ್ದದ್ದೂ ಪೂರ್ವಕ್ಕೆ. ಎಚ್-ಬೀಟಾ ರೇಖೆ ಬಿ ವರ್ಗದ ನಕ್ಷತ್ರದಲ್ಲಿ ಇರುವಷ್ಟೇ ಅಗಲವಾಗಿತ್ತು, ತಣ್ಣಗಿನ ದೈತ್ಯನಲ್ಲಿರುವಂತೆ ಚೂಪಾಗಿರಲಿಲ್ಲ.

ಎರಡನೇ ರೋಹಿತವನ್ನು ಮುಂದಿನ ಡಿಸೆಂಬರ್‌ಗೆ, ‘ಕ’ 15.6ಕ್ಕೆ ಮೇಲೆದ್ದ ಮೇಲೆ, ಇಟ್ಟುಕೊಂಡರು. ಸೀಳುಕಂಡಿಯ ಅಗಲ 1 ಆರ್ಕ್‌ಸೆಕೆಂಡ್, ದಿಕ್ಕು ಉತ್ತರ–ದಕ್ಷಿಣ. ಇದರಲ್ಲಿ ಒಂದು ಇಕ್ಕಟ್ಟಿದೆ. ವಾತಾವರಣ ಬಣ್ಣಗಳನ್ನು ನೆತ್ತಿಯ ದಿಕ್ಕಿನಲ್ಲಿ ಹರಡುವುದರಿಂದ ಕಂಡಿಯನ್ನೂ ಆ ದಿಕ್ಕಿಗೇ ಇಡಬೇಕು, ಇಲ್ಲದಿದ್ದರೆ ನೀಲಿ ಬೆಳಕು ಕಂಡಿಯ ಹೊರಗೆ ಬೀಳುತ್ತದೆ. ‘ಪ’ವನ್ನು ಹೊರಗಿಡುವ ದಿಕ್ಕು ಬೇರೆಯಾದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಮೋಡ ಯಾಮ್ಯೋತ್ತರ ವೃತ್ತ (ನೆತ್ತಿಯ ಮೂಲಕ ಹೋಗುವ ಉತ್ತರ–ದಕ್ಷಿಣ ಗೆರೆ) ದಾಟುವ ಹೊತ್ತಿಗೆ ನೆತ್ತಿಯ ದಿಕ್ಕೂ ಉತ್ತರ–ದಕ್ಷಿಣವೇ ಆಗುವುದರಿಂದ, ಆ ಸಮಯದ ಆಚೀಚೆ ಅರ್ಧರ್ಧ ಗಂಟೆಯೊಳಗೆ ಕೆಲಸ ಮುಗಿಸಿದರು.

ಎಚ್-ಬೀಟಾ, ಎಚ್-ಗಾಮಾ ಗದ್ದಲದ ಮಟ್ಟಕ್ಕಿಂತ ಮೇಲೆ ಕಾಣಲಿಲ್ಲ. 4300ರ ಸಿಎಚ್ ಪಟ್ಟೆ ತೀರ ಕ್ಷೀಣ. 4737ರಲ್ಲಿ ಇಂಗಾಲ-12ರ ಪಟ್ಟೆ ಗಾಢ; 4744ರಲ್ಲಿ ಇಂಗಾಲ-13 ಸೇರಿದ ಪಟ್ಟೆ ಇಲ್ಲ. ಎಲ್ಲವೂ ಆರ್‌ಸಿಬಿಯ ಲಕ್ಷಣಗಳೇ. ದೂರ ಸರಿಯುವ ವೇಗ ಸೆಕೆಂಡಿಗೆ 250 ಕಿಲೋಮೀಟರ್ ಆಸುಪಾಸು, ಮೋಡದ್ದೇ ವೇಗ. ಧೂಳು, ಕುಸಿತದ ಆಕಾರ, ರೋಹಿತ ಮೂರೂ ಈಗ ಒಂದೇ ಮಾತಾಡಿದವು. ‘ಕ’ ಆರ್‌ಸಿಬಿ. ದೂರಾಂಕವನ್ನೂ ನಡುವಿನ ಧೂಳಿಗೆ 0.3ನ್ನೂ ಕಳೆದರೆ ನಿಜ ಕಾಂತಿ −3.7, ಮಾಚೊ ತೋರಿಸಿದ ಹರವಿನ ನಡುವಿನಲ್ಲೇ.

ಇದರಿಂದ ಬದಲಾದ ಕೆಲಸದ ಕ್ರಮ

ಪಟ್ಟಿಯಲ್ಲಿ ಉಳಿದ ಪ್ರತಿ ನಕ್ಷತ್ರಕ್ಕೂ ಈಗ ಚಿತ್ರ ತೆಗೆಯುವ ಮೊದಲೇ ‘ನೆಲ’ ಲೆಕ್ಕ ಹಾಕುತ್ತಾರೆ. ಗಯಾದಲ್ಲಿ 5 ಆರ್ಕ್‌ಸೆಕೆಂಡ್ ಒಳಗಿನ ಎಲ್ಲವನ್ನೂ ತೆಗೆದು, ಅಪರ್ಚರ್ ಒಳಗೆ ಬೀಳುವ ನೆರೆಯವರ ಬೆಳಕನ್ನೆಲ್ಲ ಕೂಡಿಸಿದರೆ ಬರುವ ಮಾನವೇ ನೆಲ. ಮುಖ್ಯ ನಕ್ಷತ್ರ ಪೂರ್ತಿ ಆರಿಹೋದರೂ ಅಪರ್ಚರ್ ಅಳತೆ ಅದರ ಕೆಳಗೆ ಇಳಿಯದು. ನೆರೆಯವರ ಬಣ್ಣಕ್ಕೆ ಮಾತ್ರ ಗಯಾದ ನೀಲಿ–ಕೆಂಪು ಅಳತೆಗಳನ್ನು ನಂಬುವುದಿಲ್ಲ. ಅವುಗಳ ಕಿಂಡಿ ಸುಮಾರು 3.5 × 2.1 ಆರ್ಕ್‌ಸೆಕೆಂಡ್ ಆದ್ದರಿಂದ ಇಂಥ ಜೋಡಿಯಲ್ಲಿ ಅಲ್ಲೂ ಬೆರಕೆ ಆಗಿರುತ್ತದೆ. ಬಣ್ಣ ಓಗಲ್ ನಕ್ಷೆಯಿಂದ ಬರುತ್ತದೆ.

ಅಳೆದ ಮಾನ ನೆಲಕ್ಕಿಂತ 1 ಕಾಂತಿಮಾನದಷ್ಟು ಮೇಲಿರುವವರೆಗೆ ಅಪರ್ಚರ್ ಅಳತೆ, ತಿದ್ದುಪಡಿಯೊಡನೆ. ಅದಕ್ಕಿಂತ ಹತ್ತಿರವಾದರೆ ಪಿಎಸ್‌ಎಫ್ ಮಾತ್ರ. ಪ್ರತಿ ರಾತ್ರಿಯ ಕೇಂದ್ರಬಿಂದುವಿನ ಸ್ಥಾನವೂ ಕಾಂತಿಮಾನದ ಪಕ್ಕದ ಕಾಲಂನಲ್ಲಿ ದಾಖಲಾಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ಗರಿಷ್ಠಕ್ಕೂ ನೆಲಕ್ಕೂ ಅಂತರ 2ಕ್ಕಿಂತ ಕಡಿಮೆ ಇರುವ ನಕ್ಷತ್ರಗಳನ್ನು 0.5 ಮೀಟರ್ ದೂರದರ್ಶಕದ ಪಟ್ಟಿಯಿಂದ ತೆಗೆದರು. ಅಲ್ಲಿ ಗಂಟೆಗಟ್ಟಲೆ ಬಾಡಿಗೆ ಕಟ್ಟಿ ಅಳೆಯುವುದು ನೆರೆಮನೆಯವರನ್ನೇ.

ಎಎವಿಎಸ್‌ಒ (ಚರ ನಕ್ಷತ್ರ ವೀಕ್ಷಕರ ಅಮೆರಿಕನ್ ಸಂಘ) ಸಂಗ್ರಹಕ್ಕೆ ಮೊದಲೇ ಸೇರಿಸಿದ್ದ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮಾನಗಳನ್ನು ತಂಡ ಅಳಿಸಿ, ಪಿಎಸ್‌ಎಫ್ ಮಾನಗಳನ್ನು ಹಾಕಿತು. ಸೀಯಿಂಗ್ 3 ಆರ್ಕ್‌ಸೆಕೆಂಡ್ ಮೀರಿದ ರಾತ್ರಿಗಳಿಗೆ ಮಾನ ಕೊಡದೆ ‘ಇದಕ್ಕಿಂತ ಮಂಕು’ ಎಂಬ ಚಿಹ್ನೆಯೊಡನೆ ಮಿತಿಯನ್ನಷ್ಟೇ ಬರೆದು, ಟಿಪ್ಪಣಿಯ ಜಾಗದಲ್ಲಿ ‘ಪ’ದ ದಿಕ್ಕು, ಅಂತರ ಮತ್ತು ಎರಡು ಫಿಲ್ಟರಿನ ಮಾನಗಳನ್ನು ಸೇರಿಸಿತು.